ಕಂಠ ಅವರದು, ಹಾಡು ಯಾರದು? ಲೀಸಾ ಲೀಸಾ ಮತ್ತು ಫ್ರೀಸ್ಟೈಲ್ ಗಾಯಕಿಯರ ಬದುಕು

2005ರಲ್ಲಿ ಅಮೆರಿಕದ ಬ್ಲ್ಯಾಕ್ ಐಡ್ ಪೀಸ್ ತಂಡದ 'ಡೋಂಟ್ ಫಂಕ್ ವಿತ್ ಮೈ ಹಾರ್ಟ್' ಹಾಡು ಬಂತು. ಹಳೆಯ ಹಿಂದಿ ಹಾಡು ಕೇಳಿ ಬೆಳೆದವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡರು. ಶುರುವಿನಲ್ಲೇ ಗೊತ್ತಿರುವ ಸಂಗೀತ! 1978ರ 'ಡಾನ್' ಚಿತ್ರದಲ್ಲಿ ಹೆಲೆನ್ ಕುಣಿದ, ಆಶಾ ಭೋಸ್ಲೆ ಹಾಡಿದ ಹಾಡಿನ ತುಣುಕು ಅದು. ಕೆಳಗೆ ಓಡುತ್ತಿದ್ದ ಧಾಟಿ 1972ರ 'ಅಪರಾಧ್' ಚಿತ್ರದ್ದು. ಅದನ್ನು ಹಾಡಿದ್ದೂ ಆಶಾ. ಎರಡಕ್ಕೂ ಸಂಗೀತ ಕಲ್ಯಾಣ್‌ಜೀ-ಆನಂದ್‌ಜೀ ಅವರದು. ಮರುವರ್ಷ ಆ ಹಾಡಿಗೆ ಗ್ರ್ಯಾಮಿ ಪ್ರಶಸ್ತಿಯೂ ಬಂತು. ನನಗೂ ಆಗ ತುಂಬ ಖುಷಿಯಾಗಿತ್ತು.

ಆ ಖುಷಿಯಲ್ಲಿ ನಾವು ಗಮನಿಸದ ಇನ್ನೊಬ್ಬ ಗಾಯಕಿ ಆ ಹಾಡಿನೊಳಗೆ ಇದ್ದರು. ಪಲ್ಲವಿಯಲ್ಲಿ ಒಬ್ಬ ಹುಡುಗಿ ಅನುಮಾನದಿಂದ ಕೇಳುವ ಮಾತಿದೆ. ನಿನ್ನನ್ನು ಮನೆಗೆ ಕರೆದುಕೊಂಡು ಹೋದರೆ ಆಮೇಲೂ ನಿನಗೆ ನನ್ನ ಮೇಲೆ ಪ್ರೀತಿ ಇರುತ್ತದಾ ಎಂಬ ಅರ್ಥದ ಸಾಲು. ಅಮೆರಿಕದಲ್ಲಿ ಆ ಸಾಲು 20 ವರ್ಷ ಹಳೆಯದು. ನ್ಯೂಯಾರ್ಕ್‌ನ ಹದಿಹರೆಯದ ಹುಡುಗಿಯೊಬ್ಬಳು ಅದನ್ನು ಮೊದಲು ಹಾಡಿದ್ದಳು. ಹೆಸರು ಲೀಸಾ ವೆಲೆಸ್. ಜಗತ್ತಿಗೆ ಗೊತ್ತಿದ್ದದ್ದು ಲೀಸಾ ಲೀಸಾ ಎಂದು.

2005ರ ಹಾಡಿನ ರಚನೆಕಾರರ ಪಟ್ಟಿಯಲ್ಲಿ ಕಲ್ಯಾಣ್‌ಜೀ-ಆನಂದ್‌ಜೀ ಇದ್ದಾರೆ. ಲೀಸಾ ಅವರ ಹಳೆಯ ಹಾಡು ಬರೆದ ಫುಲ್ ಫೋರ್ಸ್ ತಂಡದವರೂ ಇದ್ದಾರೆ. ಲೀಸಾ ಇಲ್ಲ. ಇದರಲ್ಲಿ ಯಾರೂ ಕಾನೂನು ಮುರಿದಿಲ್ಲ. ಕಾನೂನು ಇರುವುದೇ ಹಾಗೆ. ಒಂದು ಸಾಲನ್ನು ಜನರ ನೆನಪಿನಲ್ಲಿ ಕೂರಿಸಿದ್ದು ಯಾರ ಕಂಠವೋ, ಆ ಕಂಠಕ್ಕೆ ಆ ಸಾಲಿನ ಮೇಲೆ ಹಕ್ಕಿಲ್ಲ. ಫ್ರೀಸ್ಟೈಲ್ ಎಂಬ ಕುಣಿತದ ಸಂಗೀತದ ಗಾಯಕಿಯರ ಬದುಕನ್ನು ಹತ್ತಿರದಿಂದ ನೋಡಿದರೆ ಇದು ಎಷ್ಟು ದೊಡ್ಡ ವಿಷಯ ಎಂಬುದು ಗೊತ್ತಾಗುತ್ತದೆ.

ಮೊದಲು ಫ್ರೀಸ್ಟೈಲ್ ಅಂದರೇನು ನೋಡೋಣ. 1980ರ ದಶಕದ ಆರಂಭ. ಡಿಸ್ಕೋ ಅಬ್ಬರ ಇಳಿದಿತ್ತು. 1982ರಲ್ಲಿ ಹಿಪ್ ಹಾಪ್ ಡಿಜೆ ಆಫ್ರಿಕಾ ಬಂಬಾಟಾ ಮತ್ತು ಪ್ರೊಡ್ಯೂಸರ್ ಆರ್ಥರ್ ಬೇಕರ್ ಸೇರಿ 'ಪ್ಲಾನೆಟ್ ರಾಕ್' ಮಾಡಿದರು. ಜರ್ಮನಿಯ ಕ್ರಾಫ್ಟ್‌ವೆರ್ಕ್ ತಂಡದ ಯಂತ್ರಸಂಗೀತವನ್ನು ನ್ಯೂಯಾರ್ಕ್‌ನ ಬ್ರಾಂಕ್ಸ್ ಬೀದಿಗೆ ತಂದ ಹಾಡು ಅದು. ಅದರ ಜೀವಾಳ ರೋಲಂಡ್ ಕಂಪನಿಯ ಟಿಆರ್-808 ಎಂಬ ಡ್ರಮ್ ಮಷಿನ್. 1980ರಿಂದ 1983ರವರೆಗೆ ಸುಮಾರು 12,000 ಮಷಿನ್ ಮಾತ್ರ ತಯಾರಾದವು. ಇದರ ಸದ್ದು ನಿಜವಾದ ಡ್ರಮ್‌ನಂತೆ ಇಲ್ಲ ಎಂದು ಅನೇಕರು ದೂರಿದ್ದರು. ಸೆಕೆಂಡ್ ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗವಾಗಿ ಸಿಗತೊಡಗಿತು. ಹಾಗಾಗಿಯೇ ಬಡ ಬಡಾವಣೆಗಳ ಹುಡುಗರ ಕೈಗೆ ಬಂತು. (ಇದೇ ಮಷಿನನ್ನು 1982ರಲ್ಲೇ ಮುಂಬೈಯಲ್ಲಿ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ ನಮ್ಮ ರಾಗಗಳ ಜೊತೆ ನುಡಿಸಿದ್ದರು. ಆಗ ಯಾರೂ ಗಮನಿಸಲಿಲ್ಲ. ಆ ಕಥೆಯನ್ನು ಇನ್ನೊಮ್ಮೆ ಹೇಳಬೇಕು.)

ನ್ಯೂಯಾರ್ಕ್‌ನ ಪೋರ್ಟೊರಿಕೊ ಮೂಲದ ಮನೆಗಳಲ್ಲಿ ಸಾಲ್ಸಾ ಸಂಗೀತ ಸದಾ ಇರುತ್ತಿತ್ತು. ಅದರ ತಾಳದ ಬೆನ್ನೆಲುಬು ಕ್ಲಾವೆ. ಎರಡು ಮರದ ಕಡ್ಡಿಗಳನ್ನು ಬಡಿದು ಹುಟ್ಟಿಸುವ ಐದು ಪೆಟ್ಟಿನ ಲಯ. ಮೂರು ಪೆಟ್ಟು, ಸ್ವಲ್ಪ ಬಿಡುವು, ಮತ್ತೆ ಎರಡು ಪೆಟ್ಟು. ಈ ಓರೆ ನಡೆಯನ್ನು ಹುಡುಗರು 808ರ ಒಳಗೆ ಹಾಕಿದರು. ಮೇಲೆ ಸಿಂಥಸೈಜರ್. ಅದರ ಮೇಲೆ ಪ್ರೀತಿ, ಅನುಮಾನ, ಅಗಲಿಕೆ ತುಂಬಿದ ಹುಡುಗಿಯ ದನಿ. ಕಾಲು ಕುಣಿಯುತ್ತದೆ, ಮಾತು ಅಳುತ್ತದೆ. ಫ್ರೀಸ್ಟೈಲ್‌ನ ರುಚಿ ಇರುವುದು ಇಲ್ಲೇ. ನ್ಯೂಯಾರ್ಕ್‌ನಲ್ಲಿ ಮೊದಲು ಇದನ್ನು ಲ್ಯಾಟಿನ್ ಹಿಪ್ ಹಾಪ್ ಎನ್ನುತ್ತಿದ್ದರು.

ಈ ಬಗೆಯ ಮೊದಲ ದೊಡ್ಡ ಹಾಡು 1983ರ 'ಲೆಟ್ ದ ಮ್ಯೂಸಿಕ್ ಪ್ಲೇ' ಎಂದು ಬಹಳ ಜನ ಒಪ್ಪುತ್ತಾರೆ. ಹಾಡಿದ್ದು ಶಾನನ್. ಪ್ರೊಡ್ಯೂಸರ್‌ಗಳು ಮಾರ್ಕ್ ಲಿಗೆಟ್ ಮತ್ತು ಕ್ರಿಸ್ ಬಾರ್ಬೋಸಾ. 1984ರಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 8ನೇ ಸ್ಥಾನಕ್ಕೆ ಬಂತು. ಇಲ್ಲಿ ಪ್ರೊಡ್ಯೂಸರ್ ಎಂದರೆ ನಮ್ಮ ಸಿನಿಮಾದ ದುಡ್ಡು ಹಾಕುವ ನಿರ್ಮಾಪಕರಲ್ಲ. ತಾಳ ಕಟ್ಟಿ, ಧಾಟಿ ಹಾಕಿ, ಗಾಯಕಿಯನ್ನು ಹುಡುಕಿ, ಕೊನೆಗೆ ಪ್ಲೇಟು ಹೊರಬರುವವರೆಗೆ ಎಲ್ಲ ನೋಡಿಕೊಳ್ಳುವವರು. ಫ್ರೀಸ್ಟೈಲ್ ಲೋಕದಲ್ಲಿ ಅವರದೇ ಯಜಮಾನಿಕೆ. ಹಾಡು ಮೊದಲು ತಯಾರಾಗುತ್ತಿತ್ತು. ಅದಕ್ಕೆ ತಕ್ಕ ದನಿಯನ್ನು ಆಮೇಲೆ ಹುಡುಕುತ್ತಿದ್ದರು. ಮುಂದಿನ ಕಷ್ಟಗಳ ಬೇರು ಈ ಕ್ರಮದಲ್ಲೇ ಇದೆ.

ಲೀಸಾ ಮ್ಯಾನ್‌ಹಾಟನ್‌ನ ಹೆಲ್ಸ್ ಕಿಚನ್ ಬಡಾವಣೆಯವರು. ಪೋರ್ಟೊರಿಕೊ ಮೂಲದ ಕುಟುಂಬ. ಹತ್ತು ಮಕ್ಕಳಲ್ಲಿ ಕೊನೆಯವರು. ಸಾಕಿದ್ದು ತಾಯಿ. ಆಗ ಮ್ಯಾನ್‌ಹಾಟನ್‌ನಲ್ಲಿ ಫನ್‌ಹೌಸ್ ಎಂಬ ಕ್ಲಬ್ ಇತ್ತು. ಡಿಜೆ ಜಾನ್ 'ಜೆಲ್ಲಿಬೀನ್' ಬೆನಿಟೆಸ್ ಅಲ್ಲಿ ಪ್ಲೇಟು ಹಾಕುತ್ತಿದ್ದರು. ಮಡೋನಾ ಅಲ್ಲೇ ಬೆಳಕಿಗೆ ಬಂದರು ಎಂಬ ಮಾತು ಊರೆಲ್ಲ ಹರಡಿತ್ತು. ಹಾಡುವ ಆಸೆಯಿದ್ದ ಲೀಸಾ ಅಲ್ಲಿಗೆ ಹೋಗತೊಡಗಿದರು. ಅಲ್ಲಿಂದ ಬ್ರೂಕ್ಲಿನ್‌ನ ಫುಲ್ ಫೋರ್ಸ್ ತಂಡದ ಪರಿಚಯವಾಯಿತು. ಮೂವರು ಅಣ್ಣತಮ್ಮಂದಿರು, ಮೂವರು ಅವರ ಸೋದರ ಸಂಬಂಧಿಗಳು. ಹಾಡು ಬರೆಯುವುದು, ನುಡಿಸುವುದು, ರೆಕಾರ್ಡ್ ಮಾಡುವುದು ಎಲ್ಲ ಅವರೇ. ಲೀಸಾ ಜೊತೆ ಗಿಟಾರ್‌ಗೆ ಅಲೆಕ್ಸ್ ಮೋಸ್ಲಿ, ಡ್ರಮ್ಸ್ ಮತ್ತು ಕೀಬೋರ್ಡ್‌ಗೆ ಮೈಕ್ ಹ್ಯೂಸ್ ಸೇರಿದರು. ತಂಡದ ಹೆಸರು ಲೀಸಾ ಲೀಸಾ ಮತ್ತು ಕಲ್ಟ್ ಜಾಮ್ ಆಯಿತು.

ಮೊದಲ ಹಾಡು 'ಐ ವಂಡರ್ ಇಫ್ ಐ ಟೇಕ್ ಯು ಹೋಮ್'. ಅದು ಹೊರಬಂದ ದಾರಿಯೂ ವಿಚಿತ್ರ. ಮೊದಲು ಯುರೋಪಿನಲ್ಲಿ, ಬ್ರೇಕ್‌ಡ್ಯಾನ್ಸ್ ಹಾಡುಗಳ ಒಂದು ಸಂಕಲನದಲ್ಲಿ ಬಂತು. ಅಲ್ಲಿಂದ ಆಮದು ಪ್ಲೇಟಾಗಿ ನ್ಯೂಯಾರ್ಕ್ ಕ್ಲಬ್‌ಗಳಿಗೆ ಮರಳಿತು. ಕ್ಲಬ್‌ಗಳಲ್ಲಿ ಹಾಡು ಹತ್ತಿಕೊಂಡ ಮೇಲೆ ಕೊಲಂಬಿಯಾ ಕಂಪನಿ ತಂಡವನ್ನು ಸೇರಿಸಿಕೊಂಡಿತು. 1985ರಲ್ಲಿ ಹಾಡು ಡ್ಯಾನ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಹಾಟ್ 100ರಲ್ಲಿ ಮಾತ್ರ 34ಕ್ಕೆ ನಿಂತಿತು. ಕುಣಿಯುವವರ ಲೋಕಕ್ಕೂ ಇಡೀ ದೇಶದ ರೇಡಿಯೊಗೂ ನಡುವೆ ಎಷ್ಟು ಅಂತರ ಇತ್ತು ಅನ್ನೋದು ಈ ಎರಡು ಅಂಕಿಗಳಲ್ಲೇ ಗೊತ್ತಾಗುತ್ತದೆ. ಅದೇ ವರ್ಷದ ಮೊದಲ ಆಲ್ಬಂ ಪ್ಲಾಟಿನಂ ಆಯಿತು. ಅಂದರೆ ಅಮೆರಿಕದಲ್ಲಿ 10 ಲಕ್ಷ ಪ್ರತಿ ದಾಟಿತು. 1986ರಲ್ಲಿ 'ಆಲ್ ಕ್ರೈಡ್ ಔಟ್' 8ನೇ ಸ್ಥಾನ ಮುಟ್ಟಿತು. 1987ರಲ್ಲಿ 'ಹೆಡ್ ಟು ಟೋ', 'ಲಾಸ್ಟ್ ಇನ್ ಇಮೋಷನ್' ಎರಡೂ ಹಾಟ್ 100ರ ಮೊದಲ ಸ್ಥಾನಕ್ಕೆ ಹೋದವು. ಒಂದು ಜೂನ್‌ನಲ್ಲಿ, ಇನ್ನೊಂದು ಅಕ್ಟೋಬರ್‌ನಲ್ಲಿ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಆಲ್ ಕ್ರೈಡ್ ಔಟ್ ನಿಧಾನ ಗತಿಯ ವಿರಹಗೀತೆ. ಮೊದಲ ಸ್ಥಾನಕ್ಕೆ ಹೋದ ಎರಡೂ 1960ರ ದಶಕದಲ್ಲಿ ಅಮೆರಿಕದ ಮೊಟೌನ್ ಕಂಪನಿ ತಂದ ಹಾಡುಗಳ ನೆನಪು ತರುವಂಥವು. ಶುದ್ಧ ಫ್ರೀಸ್ಟೈಲ್ ಹಾಡುಗಳು ಅಷ್ಟು ಮೇಲಕ್ಕೆ ಹೋಗಲಿಲ್ಲ. ಮಯಾಮಿಯ ಎಕ್ಸ್‌ಪೋಸೆ ತಂಡ 1988ರಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು 'ಸೀಸನ್ಸ್ ಚೇಂಜ್' ಎಂಬ ನಿಧಾನ ಹಾಡಿನಿಂದ. ಫ್ರೀಸ್ಟೈಲ್ ಗಾಯಕ ಸ್ಟೀವಿ ಬಿ 1990ರ ಡಿಸೆಂಬರ್‌ನಲ್ಲಿ ಅಲ್ಲಿಗೆ ಏರಿದ್ದೂ ಅಂಥದೇ ಹಾಡಿನಿಂದ. ಕ್ಲಬ್ ಹಾಡು ಗಾಯಕರಿಗೆ ಹೆಸರು ತಂದುಕೊಡುತ್ತಿತ್ತು. ದೇಶದ ಬಾಗಿಲು ತೆರೆಯುವುದಕ್ಕೆ ತಾಳ ಬದಲಿಸಬೇಕಿತ್ತು. ಹೀಗೆ ಮಾಡಿದ್ದು ತಪ್ಪು ಎಂದು ನನಗೆ ಅನಿಸುವುದಿಲ್ಲ. ಆದರೆ ಇವತ್ತು ಲೀಸಾ ವೇದಿಕೆ ಏರಿದರೆ ಜನ ಕಾಯುವುದು 34ನೇ ಸ್ಥಾನಕ್ಕೆ ನಿಂತ ಆ ಮೊದಲ ಹಾಡಿಗೂ, 69ನೇ ಸ್ಥಾನ ದಾಟದ 'ಕ್ಯಾನ್ ಯು ಫೀಲ್ ದ ಬೀಟ್'ಗೂ ಹೌದು. ಪಟ್ಟಿ ಅಳೆಯುವುದೇ ಬೇರೆ, ಜನ ಉಳಿಸಿಕೊಳ್ಳುವುದೇ ಬೇರೆ ಅಲ್ವಾ?

ಆ ಗೆಲುವಿನ ದಿನಗಳಲ್ಲೇ ಲೀಸಾ ಅವರಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾಯಿತು. ಆಗ ಅವರ ವಯಸ್ಸು 21. ಎಷ್ಟೋ ವರ್ಷಗಳ ನಂತರ ಅವರೇ ಇದನ್ನು ಹೊರಗೆ ಹೇಳಿಕೊಂಡರು. ಆ ವಯಸ್ಸಿನಲ್ಲಿ, ಇಡೀ ದೇಶ ನಿಮ್ಮ ಹಾಡಿಗೆ ಕುಣಿಯುತ್ತಿರುವಾಗ, ಅಂಥ ಸುದ್ದಿಯನ್ನು ಒಳಗೇ ಇಟ್ಟುಕೊಂಡು ಹಾಡುವುದು ಎಂದರೆ! ಇದನ್ನು ಓದಿದಾಗಿನಿಂದ ಆ ಹಾಡುಗಳು ನನಗೆ ಮೊದಲಿನಂತೆ ಕೇಳಿಸುವುದಿಲ್ಲ.

1991ರಲ್ಲಿ ಕಲ್ಟ್ ಜಾಮ್ ಜೊತೆಗಿನ ಕೊನೆಯ ಆಲ್ಬಂ ಬಂತು. ಅದರ 'ಲೆಟ್ ದ ಬೀಟ್ ಹಿಟ್ ಎಮ್' ಡ್ಯಾನ್ಸ್ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಿತು. ಅಲ್ಲಿಗೆ ತಂಡ ಮುಗಿಯಿತು. 1994ರಲ್ಲಿ ಲೀಸಾ ಒಬ್ಬರೇ ಒಂದು ಆಲ್ಬಂ ಮಾಡಿದರು. 2001ರಲ್ಲಿ ನಿಕಲೋಡಿಯನ್ ಚಾನೆಲ್‌ನ ಮಕ್ಕಳ ಧಾರಾವಾಹಿಯೊಂದರಲ್ಲಿ ತಾಯಿಯ ಪಾತ್ರ ಮಾಡಿದರು. 2009ರಲ್ಲಿ ಮತ್ತೊಂದು ಆಲ್ಬಂ. ನಡುವೆಲ್ಲ ವೇದಿಕೆ, ವೇದಿಕೆ, ವೇದಿಕೆ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಒಂದು ಹಾಡಿನಲ್ಲಿ ಎರಡು ಆಸ್ತಿಗಳಿವೆ. ಮಾತು ಮತ್ತು ಧಾಟಿ ಒಂದು. ಅದು ಬರೆದವರದು. ಸ್ಟುಡಿಯೊದಲ್ಲಿ ಹಿಡಿದ ಸದ್ದು, ಅಂದರೆ ರೆಕಾರ್ಡಿಂಗ್, ಇನ್ನೊಂದು. ಅದು ಸಾಮಾನ್ಯವಾಗಿ ಕಂಪನಿಯದು. ಗಾಯಕಿ ತಾನೇ ಹಾಡು ಬರೆಯದಿದ್ದರೆ ಮೊದಲ ಆಸ್ತಿಯಲ್ಲಿ ಪಾಲಿಲ್ಲ. ಎರಡನೆಯದರಲ್ಲಿ ಒಪ್ಪಂದದಂತೆ ಒಂದಿಷ್ಟು ರಾಯಲ್ಟಿ. ಅದೂ ನೇರವಾಗಿ ಕೈಗೆ ಬರುವುದಿಲ್ಲ. ಮುಂಗಡ ಕೊಟ್ಟ ಹಣ, ಸ್ಟುಡಿಯೊ ಬಾಡಿಗೆ, ವಿಡಿಯೊ ಖರ್ಚಿನ ಪಾಲು ಎಲ್ಲವನ್ನೂ ಅಂಗಡಿಯ ಉದ್ರಿ ಪುಸ್ತಕದಂತೆ ಗಾಯಕಿಯ ಲೆಕ್ಕಕ್ಕೆ ಬರೆಯುತ್ತಾರೆ. ಆ ಬಾಕಿ ತೀರುವ ತನಕ ರಾಯಲ್ಟಿ ಅದರಲ್ಲೇ ಮುರಿದುಹೋಗುತ್ತದೆ. ಬಾಕಿ ತೀರಿದ ಮೇಲೂ ರೆಕಾರ್ಡಿಂಗ್ ಕಂಪನಿಯದೇ. ಮನೆ ಸಾಲ ತೀರಿಸಿದ ಮೇಲೂ ಮನೆ ಬ್ಯಾಂಕಿನದಾಗಿಯೇ ಉಳಿದ ಹಾಗೆ. ಕೊಲಂಬಿಯಾ ಆಗ ಸಿಬಿಎಸ್ ಕಂಪನಿಯ ಕೈಲಿತ್ತು. 1988ರಲ್ಲಿ ಜಪಾನಿನ ಸೋನಿ ಸಿಬಿಎಸ್ ರೆಕಾರ್ಡ್ಸ್ ಅನ್ನು 200 ಕೋಟಿ ಡಾಲರ್‌ಗೆ ಕೊಂಡಿತು. ಕಂಪನಿಯ ಜೊತೆ ಅದರ ರೆಕಾರ್ಡಿಂಗ್‌ಗಳ ಇಡೀ ಉಗ್ರಾಣವೂ ಕೈ ಬದಲಾಯಿತು.

ಈ ಎರಡು ಆಸ್ತಿಗಳ ಲೆಕ್ಕ ಗೊತ್ತಾದರೆ 2005ರ ಹಾಡಿನ ಒಗಟು ಬಿಡಿಸಿಕೊಳ್ಳುತ್ತದೆ. ಹಳೆಯ ರೆಕಾರ್ಡಿಂಗ್‌ನ ತುಣುಕನ್ನೇ ಕತ್ತರಿಸಿ ಹಾಕಿಕೊಂಡರೆ ಎರಡೂ ಆಸ್ತಿಯ ಮಾಲೀಕರಿಗೆ ಹಣ ಕೊಡಬೇಕು. ಆಗ ಮೂಲ ಗಾಯಕಿಗೂ ಏನೋ ಸಿಗುವ ದಾರಿ ಇರುತ್ತದೆ. ಅದೇ ಸಾಲನ್ನು ಹೊಸ ಗಾಯಕಿಯಿಂದ ಮತ್ತೆ ಹಾಡಿಸಿದರೆ ಬರೆದವರಿಗೆ ಕೊಟ್ಟರೆ ಸಾಕು. ಲೀಸಾ ಅವರ ಸಾಲು ಬ್ಲ್ಯಾಕ್ ಐಡ್ ಪೀಸ್ ಹಾಡಿಗೆ ಬಂದದ್ದು ಈ ಎರಡನೇ ದಾರಿಯಲ್ಲಿ. ಒಂದೇ ಸಲ ಅಲ್ಲ. 1997ರಲ್ಲಿ ಅಲ್ಯೂರ್ ಎಂಬ ಹುಡುಗಿಯರ ತಂಡ 112 ತಂಡದ ಜೊತೆ 'ಆಲ್ ಕ್ರೈಡ್ ಔಟ್' ಮತ್ತೆ ಹಾಡಿತು. ಅದು 4ನೇ ಸ್ಥಾನಕ್ಕೆ, ಅಂದರೆ ಲೀಸಾ ಅವರ ಹಾಡಿಗಿಂತ ಮೇಲಕ್ಕೆ ಹೋಯಿತು. 2004ರಲ್ಲಿ ನೀನಾ ಸ್ಕೈ ಎಂಬ ಅವಳಿ ಸೋದರಿಯರು 'ಕ್ಯಾನ್ ಯು ಫೀಲ್ ದ ಬೀಟ್' ಸಾಲನ್ನು ತಮ್ಮ ಹಾಡಿನಲ್ಲಿ ಸೇರಿಸಿದರು. ಅದೂ 4ನೇ ಸ್ಥಾನ ಮುಟ್ಟಿತು. ಅವರೂ ನ್ಯೂಯಾರ್ಕ್‌ನ ಪೋರ್ಟೊರಿಕೊ ಮನೆತನದ ಹುಡುಗಿಯರೇ. ಎಂಟು ವರ್ಷದಲ್ಲಿ ಮೂರು ದೊಡ್ಡ ಹಾಡುಗಳು ಲೀಸಾ ಅವರ ನೆನಪಿನ ಮೇಲೆ ನಿಂತವು.

ಫುಲ್ ಫೋರ್ಸ್‌ಗೆ ಹಣ ಸಿಗುವುದು ನ್ಯಾಯವೇ. ಅವರು ಬರೆದರು. ನನ್ನ ತಕರಾರು ಬೇರೆ. ಆ ಸಾಲನ್ನು ಕಾಗದದ ಮೇಲೆ ಓದಿದರೆ ಏನೂ ಅನ್ನಿಸುವುದಿಲ್ಲ. ಲೀಸಾ ಅದನ್ನು ಸ್ವಲ್ಪ ಅಳುಕಿನಿಂದ, ಸ್ವಲ್ಪ ಹಠದಿಂದ ಹಾಡುತ್ತಾರೆ. ಮುಂದಿನವರೆಲ್ಲ ಎತ್ತಿಕೊಂಡದ್ದು ಆ ಹಾಡುವ ರೀತಿಯನ್ನೂ ಸೇರಿಸಿಯೇ. ಕಾನೂನಿನ ಪುಸ್ತಕದಲ್ಲಿ ಆ ರೀತಿಗೆ ಒಂದು ಹೆಸರೇ ಇಲ್ಲ.

ರೇಡಿಯೊ ವಿಷಯ ಇನ್ನೂ ವಿಚಿತ್ರ. ಅಮೆರಿಕದಲ್ಲಿ ಎಫ್‌ಎಂ, ಎಎಂ ಕೇಂದ್ರಗಳು ಹಾಡು ಹಾಕಿದಾಗ ಬರೆದವರಿಗೆ ಮತ್ತು ಅವರ ಪಬ್ಲಿಷರ್‌ಗೆ ಹಣ ಕೊಡುತ್ತವೆ. ಹಾಡಿದವರಿಗೆ ಒಂದು ಪೈಸೆ ಇಲ್ಲ. ಬಹುತೇಕ ಮುಂದುವರಿದ ದೇಶಗಳಲ್ಲಿ ಹೀಗಿಲ್ಲ. 1995ರಲ್ಲಿ ಅಮೆರಿಕವೇ ಒಂದು ಕಾನೂನು ತಂದು ಡಿಜಿಟಲ್ ಪ್ರಸಾರಕ್ಕೆ ಈ ಹಕ್ಕು ಕೊಟ್ಟಿತು. ಹಾಗಾಗಿ ಸ್ಯಾಟಲೈಟ್ ರೇಡಿಯೊ, ಇಂಟರ್ನೆಟ್ ರೇಡಿಯೊ ಕೊಡುವ ಹಣದಲ್ಲಿ ಶೇಕಡ 50 ರೆಕಾರ್ಡಿಂಗ್ ಮಾಲೀಕರಿಗೆ, ಶೇಕಡ 45 ಮುಖ್ಯ ಕಲಾವಿದರಿಗೆ, ಶೇಕಡ 5 ಜೊತೆಗೆ ನುಡಿಸಿದ, ಹಾಡಿದ ಇತರರಿಗೆ ಹೋಗುತ್ತದೆ. ಸೌಂಡ್‌ಎಕ್ಸ್‌ಚೇಂಜ್ ಎಂಬ ಸಂಸ್ಥೆ ಇದನ್ನು ಹಂಚುತ್ತದೆ. ಕಲಾವಿದರ ಪಾಲು ಕಂಪನಿಯ ಉದ್ರಿ ಪುಸ್ತಕಕ್ಕೆ ಹೋಗದೆ ನೇರವಾಗಿ ಅವರಿಗೇ ಸೇರುತ್ತದೆ. ಹಳೆಯ ಗಾಯಕರಿಗೆ ಇದೊಂದು ದೊಡ್ಡ ಆಸರೆ. ಆದರೆ ಅದೇ ಹಾಡು ಕಾರಿನ ಎಫ್‌ಎಂನಲ್ಲಿ ಬಂದರೆ ಸೊನ್ನೆ.

ಇದನ್ನು ಸರಿಪಡಿಸಲು ಅಮೆರಿಕನ್ ಮ್ಯೂಸಿಕ್ ಫೇರ್ನೆಸ್ ಆ್ಯಕ್ಟ್ ಎಂಬ ಮಸೂದೆ 2021ರಲ್ಲಿ ಬಂತು. 2023ರಲ್ಲಿ, 2025ರಲ್ಲಿ ಮತ್ತೆ ಮಂಡನೆಯಾಯಿತು. ಸಣ್ಣ ಕೇಂದ್ರಗಳು ವರ್ಷಕ್ಕೆ 500 ಡಾಲರ್ ಒಳಗೆ ಕೊಟ್ಟರೆ ಸಾಕು ಎಂಬ ರಿಯಾಯಿತಿಯೂ ಅದರಲ್ಲಿದೆ. ಆದರೂ ರೇಡಿಯೊ ಮಾಲೀಕರು ಒಪ್ಪುತ್ತಿಲ್ಲ. ನಾವು ಹಾಡು ಹಾಕುವುದೇ ಗಾಯಕರಿಗೆ ಬಿಟ್ಟಿ ಪ್ರಚಾರ, ಅದಕ್ಕೆ ನಾವೇ ಯಾಕೆ ದುಡ್ಡು ಕೊಡಬೇಕು ಎಂಬುದು ಅವರ ವಾದ.

ಈ ವಾದವನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಫ್ರೀಸ್ಟೈಲ್ ಮಟ್ಟಿಗೆ ಅದರಲ್ಲಿ ಸತ್ಯಾಂಶ ಇದೆ. 1990ರ ದಶಕದ ಆರಂಭದಲ್ಲಿ ನ್ಯೂಯಾರ್ಕ್‌ನ ಹಾಟ್ 97 ಕೇಂದ್ರ ಹಿಪ್ ಹಾಪ್ ಕಡೆ ತಿರುಗಿದಾಗ ಫ್ರೀಸ್ಟೈಲ್ ಗಾಯಕರ ಬದುಕೇ ಅಲ್ಲಾಡಿತು. 1996ರಲ್ಲಿ ಡಬ್ಲ್ಯುಕೆಟಿಯು ಕೇಂದ್ರ ಡ್ಯಾನ್ಸ್ ಹಾಡುಗಳೊಂದಿಗೆ ಮತ್ತೆ ಶುರುವಾದಾಗ ಅವರ ಕಾರ್ಯಕ್ರಮಗಳಿಗೂ ಜೀವ ಬಂತು. 'ನೋ ರೀಸನ್ ಟು ಕ್ರೈ' ಹಾಡಿದ ಜೂಡಿ ಟೊರೆಸ್ ಅಂತೂ ಅದೇ ಕೇಂದ್ರದಲ್ಲಿ ನಿರೂಪಕಿಯಾಗಿ ಕೆಲಸ ಮಾಡಿದರು. ರೇಡಿಯೊ ಇಲ್ಲದೆ ಈ ಗಾಯಕಿಯರು ಉಳಿಯುತ್ತಿರಲಿಲ್ಲ ಎಂಬುದು ನಿಜ. ಆದರೆ ಪ್ರಚಾರದಿಂದ ಲಾಭ ಆಗಬೇಕಾದರೆ ಗಾಯಕಿ ಊರೂರು ತಿರುಗಿ ಹಾಡಬೇಕು. ಕಾಯಿಲೆ ಬಿದ್ದರೆ? ದನಿ ಹೋದರೆ? ವಯಸ್ಸಾಗಿ ಮನೆಯಲ್ಲಿ ಕೂತರೆ? ಬರೆದವರು ಮನೆಯಲ್ಲಿ ಕೂತಿದ್ದರೂ ಅವರಿಗೆ ರೇಡಿಯೊದಿಂದ ಚೆಕ್ ಬರುತ್ತದೆ. ಹಾಡಿದವರಿಗೆ ಮಾತ್ರ ದುಡಿಯುವ ಶಕ್ತಿ ಇರುವ ತನಕ ಸಂಪಾದನೆ. ಈ ವ್ಯತ್ಯಾಸಕ್ಕೆ ಬಿಟ್ಟಿ ಪ್ರಚಾರದ ವಾದದಲ್ಲಿ ಉತ್ತರ ಇಲ್ಲ.

ನಮ್ಮಲ್ಲೂ ಇದು ಹಳೆಯ ಜಗಳ. 1960ರ ದಶಕದಲ್ಲಿ ರಾಯಲ್ಟಿ ವಿಷಯಕ್ಕೇ ಲತಾ ಮಂಗೇಶ್ಕರ್ ಮತ್ತು ಮೊಹಮ್ಮದ್ ರಫಿ ನಡುವೆ ಮನಸ್ತಾಪ ಬಂದು ಕೆಲವು ವರ್ಷ ಜೊತೆಗೆ ಹಾಡಲಿಲ್ಲ. 2012ರ ಕಾಪಿರೈಟ್ ತಿದ್ದುಪಡಿ ಹಾಡುವವರಿಗೂ ರಾಯಲ್ಟಿ ಹಕ್ಕು ಕೊಟ್ಟಿತು. ಮರುವರ್ಷ ಗಾಯಕರ ಹಕ್ಕುಗಳ ಸಂಘವೂ ಶುರುವಾಯಿತು. ಆ ಮಟ್ಟಿಗೆ ನಮ್ಮ ಕಾನೂನು ಅಮೆರಿಕದ ಎಫ್‌ಎಂ ನಿಯಮಕ್ಕಿಂತ ಮುಂದಿದೆ. ಆದರೂ 2017ರಲ್ಲಿ ಏನಾಯಿತು ನೆನಪಿದೆಯಾ? ಹಾಡಲು ಶುರು ಮಾಡಿ 50 ವರ್ಷವಾದ ಸಂಭ್ರಮಕ್ಕೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅಮೆರಿಕ ಪ್ರವಾಸದಲ್ಲಿದ್ದರು. ತಮ್ಮ ಹಾಡುಗಳನ್ನು ಅನುಮತಿ ಇಲ್ಲದೆ ಹಾಡಬಾರದು ಎಂದು ಇಳಯರಾಜ ಅವರಿಂದ ಲೀಗಲ್ ನೋಟಿಸ್ ಬಂತು. ಆ ಹಾಡುಗಳನ್ನು ಬಿಟ್ಟು ಎಸ್‌ಪಿಬಿ ಪ್ರವಾಸ ಮುಂದುವರಿಸಿದರು. ಧಾಟಿ ಕಟ್ಟಿದವರ ಹಕ್ಕು ದೊಡ್ಡದೇ. ಆದರೆ ಎಸ್‌ಪಿಬಿ ದನಿ ತೆಗೆದು ಆ ಹಾಡುಗಳನ್ನು ಒಮ್ಮೆ ಮನಸ್ಸಿನಲ್ಲೇ ಕೇಳಿ ನೋಡಿ. ನಾನು ಹೇಳುತ್ತಿರುವುದು ಅರ್ಥವಾಗುತ್ತದೆ.

ಫ್ರೀಸ್ಟೈಲ್‌ನಲ್ಲಿ ದನಿಯನ್ನು ಮುಖದಿಂದಲೇ ಬೇರೆ ಮಾಡಿದ ಪ್ರಸಂಗವೂ ಇದೆ. ಮಯಾಮಿಯ ಡೆಬಿ ಡೆಬ್ 1984ರ ಸುಮಾರಿಗೆ 'ವೆನ್ ಐ ಹಿಯರ್ ಮ್ಯೂಸಿಕ್', 'ಲುಕ್‌ಔಟ್ ವೀಕೆಂಡ್' ಹಾಡಿದರು. ಇವತ್ತಿಗೂ ಆ ಎರಡು ಹಾಡು ಬಿಟ್ಟು ಫ್ರೀಸ್ಟೈಲ್ ಚರಿತ್ರೆ ಬರೆಯಲು ಆಗುವುದಿಲ್ಲ. ಅವರ ಮೈಕಟ್ಟು ಆಗಿನ ಮಾರುಕಟ್ಟೆಯ ಲೆಕ್ಕಕ್ಕೆ ಹೊಂದಲಿಲ್ಲ. ಅವರ ಹೆಸರಿನಲ್ಲಿ ಬೇರೆ ಹುಡುಗಿ ವೇದಿಕೆ ಏರಿದಳು. ಇದನ್ನು ಡೆಬಿ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಎಷ್ಟೋ ವರ್ಷಗಳ ಮೇಲೆ ಅವರು ಸ್ವತಃ ವೇದಿಕೆಗೆ ಬಂದು ಹಾಡತೊಡಗಿದರು. ಜನ ಅಪ್ಪಿಕೊಂಡರು. ಮಾರುಕಟ್ಟೆಯ ಲೆಕ್ಕವೇ ತಪ್ಪಾಗಿತ್ತು.

ಹೆಸರಿನ ಜಗಳದಲ್ಲಿ ಮಾತ್ರ ಗಾಯಕಿಯರು ಒಮ್ಮೆ ಚೆನ್ನಾಗಿ ಗೆದ್ದಿದ್ದಾರೆ. ಎಕ್ಸ್‌ಪೋಸೆ ತಂಡವನ್ನು ಕಟ್ಟಿದ್ದು ಮಯಾಮಿಯ ಪ್ರೊಡ್ಯೂಸರ್ ಲೂಯಿಸ್ ಮಾರ್ಟಿನೆ ಬಳಗ. ಮೊದಲು ಮೂವರು ಗಾಯಕಿಯರು ಇದ್ದರು. 1986ರ ಹೊತ್ತಿಗೆ ಅವರ ಜಾಗಕ್ಕೆ ಬೇರೆ ಮೂವರು ಬಂದರು: ಆ್ಯನ್ ಕರ್ಲೆಸ್, ಜನೆಟ್ ಹುರಾಡೊ, ಜೋಯಾ ಬ್ರೂನೊ. ಹೆಸರು ಅದೇ. ಮಿಕ್ಸಿಯ ಜಾರ್ ಬದಲಿಸಿದ ಹಾಗೆ ಗಾಯಕಿಯರನ್ನು ಬದಲಿಸಬಹುದು ಎಂದುಕೊಂಡಿದ್ದ ಕಾಲ. ಈ ಮೂವರ 1987ರ ಆಲ್ಬಂನಿಂದ ನಾಲ್ಕು ಹಾಡುಗಳು ಮೊದಲ ಹತ್ತರೊಳಗೆ ಬಂದವು. ಎಷ್ಟೋ ವರ್ಷದ ನಂತರ, 2006ರಲ್ಲಿ, ಮೂವರೂ ಮತ್ತೆ ಒಂದಾಗಿ ಕಾರ್ಯಕ್ರಮ ಕೊಡತೊಡಗಿದರು. ಹೆಸರು ನಮ್ಮದು, ಅದಕ್ಕೆ ಹಣ ಕೊಡಬೇಕು ಎಂದು ಕ್ರಿಸ್ಟಲ್ ಎಂಟರ್‌ಟೈನ್‌ಮೆಂಟ್ ಎಂಬ ಕಂಪನಿ ಕೋರ್ಟಿಗೆ ಹೋಯಿತು. 2011ರಲ್ಲಿ ಮೇಲ್ಮನವಿ ನ್ಯಾಯಾಲಯ ಗಾಯಕಿಯರ ಪರ ತೀರ್ಪು ಕೊಟ್ಟಿತು. ಎಕ್ಸ್‌ಪೋಸೆ ಎಂದಾಗ ಜನರ ಮನಸ್ಸಿಗೆ ಬರುವುದು ಯಾರು? ಆ ಹೆಸರಿನ ಗುಣಮಟ್ಟವನ್ನು ಕಾಪಾಡಿದವರು ಯಾರು? ಈ ಎರಡು ಪ್ರಶ್ನೆ ಕೇಳಿಕೊಂಡು ಕೋರ್ಟು ಉತ್ತರ ಹುಡುಕಿತು. ಉತ್ತರ ಆ ಮೂವರು ಹೆಂಗಸರು. ನನ್ನ ಲೆಕ್ಕದಲ್ಲಿ ಫ್ರೀಸ್ಟೈಲ್ ಗಾಯಕಿಯರಿಗೆ ಸಿಕ್ಕ ಅತಿ ದೊಡ್ಡ ಗೆಲುವು ಇದು. ಯಾಕೆಂದರೆ ಹಾಡಿಗೆ ಜನರ ಮನಸ್ಸಿನಲ್ಲಿ ಯಾರ ಗುರುತಿದೆ ಎಂಬ ಪ್ರಶ್ನೆಯನ್ನು ಕಾಪಿರೈಟ್ ಕಾನೂನು ಕೇಳುವುದೇ ಇಲ್ಲ. ಟ್ರೇಡ್‌ಮಾರ್ಕ್ ಕಾನೂನು ಕೇಳಿತು.

ಕಾಪಿರೈಟ್‌ನಲ್ಲೂ ಒಂದು ಕಿಟಕಿ ಇದೆ. 1978ರ ನಂತರ ಬಿಟ್ಟುಕೊಟ್ಟ ಹಕ್ಕನ್ನು 35 ವರ್ಷದ ಮೇಲೆ ವಾಪಸ್ ಕೇಳಬಹುದು ಎಂದು ಅಮೆರಿಕದ ಕಾನೂನು ಹೇಳುತ್ತದೆ. 1985ರ ಹಾಡುಗಳಿಗೆ ಆ ಗಡುವು 2020ರ ಸುಮಾರಿಗೆ ಬಂತು. ಆದರೆ ರೆಕಾರ್ಡಿಂಗ್ ಕೂಲಿಗೆ ಮಾಡಿಸಿದ ಕೆಲಸ, ಅದಕ್ಕೆ ಈ ನಿಯಮ ಹೊಂದುವುದಿಲ್ಲ ಎಂದು ಕಂಪನಿಗಳು ವಾದಿಸುತ್ತವೆ. 2019ರಲ್ಲಿ ಕೆಲವು ಕಲಾವಿದರು ಯೂನಿವರ್ಸಲ್, ಸೋನಿ ಕಂಪನಿಗಳ ಮೇಲೆ ಮೊಕದ್ದಮೆ ಹೂಡಿದರು. ಕಂಪನಿಗಳ ವಕೀಲರ ಎದುರು ಒಬ್ಬಂಟಿ ಗಾಯಕಿ ನಿಲ್ಲುವುದು ಸುಲಭವಲ್ಲ. ಅದರ ಮೇಲೆ ಫ್ರೀಸ್ಟೈಲ್‌ನಲ್ಲಿ ಪ್ರೊಡ್ಯೂಸರೇ ಎಲ್ಲ ಮಾಡಿದ್ದರಿಂದ ರೆಕಾರ್ಡಿಂಗ್‌ನ ಕರ್ತೃ ಯಾರು ಎಂಬ ಪ್ರಶ್ನೆಯೂ ಏಳುತ್ತದೆ.

ಕೆಲವರು ದಾರಿಯನ್ನೇ ಬದಲಿಸಿದರು. ಮಾರ್ಕ್ ಆಂಥನಿ ಇವತ್ತು ಸಾಲ್ಸಾದ ಮಹಾರಾಜ. ಅವರು ಹಾಡಲು ಶುರು ಮಾಡಿದ್ದು ಫ್ರೀಸ್ಟೈಲ್‌ನಲ್ಲಿ, ಸಾಫೈರ್ ಎಂಬ ಗಾಯಕಿಗೆ ಹಿಂದೆ ದನಿಗೂಡಿಸುತ್ತ. 1993ರಲ್ಲಿ ಸ್ಪ್ಯಾನಿಷ್ ಸಾಲ್ಸಾಗೆ ಬಂದರು. ಲಾ ಇಂಡಿಯಾ ಎಂಬ ಗಾಯಕಿಯೂ ಹಾಗೇ, 1992ರಲ್ಲಿ ಎಡ್ಡಿ ಪಾಮಿಯೇರಿ ಜೊತೆ ಸಾಲ್ಸಾಗೆ ದಾಟಿದರು. ಬ್ರೆಂಡಾ ಕೆ. ಸ್ಟಾರ್ ಕೂಡ. (1988ರಲ್ಲಿ ಈ ಬ್ರೆಂಡಾ ತಮ್ಮ ಹಿಂದೆ ದನಿಗೂಡಿಸುತ್ತಿದ್ದ ಹುಡುಗಿಗೆ ಕಂಪನಿಯವರ ಪರಿಚಯ ಮಾಡಿಸಿ ದೊಡ್ಡ ಸಹಾಯ ಮಾಡಿದರು. ಆ ಹುಡುಗಿ ಮರಾಯಾ ಕ್ಯಾರಿ.) ಸ್ಟೀವಿ ಬಿ ಅವರಿಗೆ ಬ್ರೆಜಿಲ್‌ನಲ್ಲಿ ಎರಡನೇ ತವರು ಸಿಕ್ಕಿತು. ಅಲ್ಲಿ ಫ್ರೀಸ್ಟೈಲ್ ಹಾಡುಗಳು ಊರಿನ ಫಂಕ್ ಸಂಗೀತದ ಜೊತೆ ಬೆರೆತು ಬೆಳೆದವು.

ಉಳಿದವರಿಗೆ ವೇದಿಕೆ. ಬ್ರಾಂಕ್ಸ್‌ನ ಲೇಮನ್ ಸೆಂಟರ್‌ನಂಥ ಸಭಾಂಗಣಗಳಲ್ಲಿ ಒಂದೇ ಸಂಜೆ ಹತ್ತಾರು ಹಳೆಯ ಫ್ರೀಸ್ಟೈಲ್ ಗಾಯಕರು ಸಾಲಾಗಿ ಬರುತ್ತಾರೆ. ಒಬ್ಬೊಬ್ಬರಿಗೆ ಎರಡು-ಮೂರು ಹಾಡು. ಹಿಂದೆ ಟ್ರ್ಯಾಕ್ ಓಡುತ್ತಿರುತ್ತದೆ. ನಮ್ಮ ರಸಮಂಜರಿ ಕಾರ್ಯಕ್ರಮದಂತೆಯೇ. ಕೇಳುವವರು ಈಗ ಐವತ್ತು ದಾಟಿದವರು. ಜೊತೆಗೆ ಮಕ್ಕಳನ್ನೂ ಕರೆತರುತ್ತಾರೆ. ಇದನ್ನು ಬರೀ ಹಳೆಯ ನೆನಪಿನ ವ್ಯಾಪಾರ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 20 ವರ್ಷದ ಹುಡುಗಿಯ ಅನುಮಾನವನ್ನು 58-60ರ ಹೆಂಗಸು ಹಾಡಿದಾಗ ಅದಕ್ಕೆ ಬೇರೆಯೇ ತೂಕ ಬರುತ್ತದೆ.

2025ರಲ್ಲಿ ಲೈಫ್‌ಟೈಮ್ ಚಾನೆಲ್ ಲೀಸಾ ಅವರ ಬದುಕಿನ ಮೇಲೆ ಸಿನಿಮಾ ಮಾಡಿತು. ಕಾನೂನಿನ ಪ್ರಕಾರ ಇಂಥ ಸಿನಿಮಾದಲ್ಲಿ ಹಾಡು ಬಳಸಬೇಕಾದರೆ ಬರೆದವರ ಕಡೆಯ ಅನುಮತಿ ಬೇಕು. ಮೂಲ ರೆಕಾರ್ಡಿಂಗ್ ಬೇಕಾದರೆ ಕಂಪನಿಯ ಅನುಮತಿಯೂ ಬೇಕು. ಹಾಡಿದವರ ಬದುಕಿನ ಕಥೆಯೇ ಆದರೂ ಸರಿ. ವೇದಿಕೆಯ ನಿಯಮ ಬೇರೆ. ಬರೆದವರಿಗೆ ಸಲ್ಲಬೇಕಾದ ಹಣವನ್ನು ಸಭಾಂಗಣದವರೇ ಅವರ ಸಂಘಗಳಿಗೆ ಕಟ್ಟುತ್ತಾರೆ. ರೆಕಾರ್ಡಿಂಗ್‌ನ ಪ್ರದರ್ಶನಕ್ಕೆ ಡಿಜಿಟಲ್ ಪ್ರಸಾರದ ಹೊರಗೆ ಹಕ್ಕೇ ಇಲ್ಲದ್ದರಿಂದ ಸಭಾಂಗಣದಲ್ಲಿ ಆ ಟ್ರ್ಯಾಕ್ ಕೇಳಿಸಿದ್ದಕ್ಕೆ ಕಂಪನಿ ಹಣ ಕೇಳುವಂತಿಲ್ಲ. ಎಫ್‌ಎಂನಲ್ಲಿ ಲೀಸಾ ಅವರ ಪಾಲನ್ನು ಸೊನ್ನೆ ಮಾಡುವುದೂ ಕಾನೂನಿನ ಇದೇ ಖಾಲಿ ಜಾಗ. ಲೇಮನ್ ಸೆಂಟರ್‌ನಂಥ ವೇದಿಕೆಯಲ್ಲಿ ಮಾತ್ರ ಅದು ಅವರ ಪರವಾಗಿದೆ. ಅಲ್ಲಿ ತಮ್ಮ ಎರಡು-ಮೂರು ಹಾಡು ಹಾಡುವುದಕ್ಕೆ ಅವರು ಸೋನಿಯನ್ನಾಗಲಿ ಫುಲ್ ಫೋರ್ಸ್ ತಂಡವನ್ನಾಗಲಿ ಕೇಳಬೇಕಾಗಿಲ್ಲ.